ನಿರ್ವಹಣಾ ಯೋಜನೆ: ಹೊಳೆ ಕಣಿವೆಯ ಸರ್ಕಾರಿ ಕಾಡಿನ ಲೆಕ್ಕಪತ್ರ

ಸರ್ಕಾರಿ ಒಡೆತನದ ಕಾಡು, ಹುಲ್ಲುಗಾವಲು, ಹೊಳೆದಂಡೆಯಲ್ಲಿ ಈಗ ಏನಿದೆ, ಏನು ಉಳಿಯಬೇಕು, ಅದಕ್ಕೆ ಯಾವ ವರ್ಷ ಎಲ್ಲಿ ಯಾವ ಕೆಲಸ, ಖರ್ಚೆಷ್ಟು ಎಂದು ಬರೆದಿಟ್ಟ ದಸ್ತಾವೇಜೇ ನಿರ್ವಹಣಾ ಯೋಜನೆ. ಸಾಮಾನ್ಯವಾಗಿ 10 ವರ್ಷದ್ದು. ಕಾಡನ್ನು ಮೀಸಲೆಂದು ಸಾರುವ ರಾಜ್ಯಪತ್ರದ ಘೋಷಣೆಯನ್ನೇ ಯೋಜನೆ ಎಂದುಕೊಳ್ಳುವವರು ಬಹಳ. ಘೋಷಣೆ ಗಡಿ ಹೇಳಿ ಸುಮ್ಮನಾಗುತ್ತದೆ.

ಬೇಡ್ತಿ ಕಣಿವೆಯನ್ನೇ ನೋಡಿ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆಯೂ ಉಣಕಲ್ ಕಡೆಯ ಹಳ್ಳವೂ ಕಲಘಟಗಿ ಸೀಮೆಯಲ್ಲಿ ಕೂಡಿ ಬೇಡ್ತಿಯಾಗುತ್ತವೆ. ಬೇಡ್ತಿ ಸಂರಕ್ಷಣಾ ಮೀಸಲು ಇರುವುದು ಕೆಳಗೆ, ಉತ್ತರ ಕನ್ನಡದಲ್ಲಿ. ಉಣಕಲ್ ನಾಲಾ ಹೊರುವ ಹುಬ್ಬಳ್ಳಿಯ ಗಟಾರದ ನೀರಿಗೆ ಮೀಸಲಿನ ಗಡಿಕಲ್ಲು ಯಾವ ಲೆಕ್ಕ?

ಇಂಥ ಮೀಸಲಿಗೆ ಆಧಾರ 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಕಲಂ 36ಎ. ಸರ್ಕಾರದ ಜಮೀನಿಗಷ್ಟೇ ಅನ್ವಯ. ಘೋಷಣೆಗೆ ಮೊದಲು ಸ್ಥಳೀಯರೊಂದಿಗೆ ಸಮಾಲೋಚನೆ ಕಡ್ಡಾಯ. ಕಲಂ 36ಬಿ ಪ್ರಕಾರ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಸದಸ್ಯ ಕಾರ್ಯದರ್ಶಿ, ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು. ನೀರಾವರಿ, ಮಹಾನಗರ ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕುರ್ಚಿಯೇ ಇಲ್ಲ. ಹೊಳೆಯ ಮೀಸಲಿಗೆ ಇದು ದೊಡ್ಡ ಕೊರತೆ. ಸಮಿತಿಯ ಅಧಿಕಾರವೂ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ಕೊಡುವಷ್ಟೇ.

ಹಾಗಾಗಿ ಒಳ್ಳೆಯ ಯೋಜನೆ ಗಡಿಯ ಹೊರಗನ್ನೂ ಬರೆಯುತ್ತದೆ: ಹೊಳೆ ಒಳಬರುವ ಜಾಗದಲ್ಲಿ ಪ್ರತಿ ತಿಂಗಳು ನೀರಿನ ಪರೀಕ್ಷೆ, ಕೆಟ್ಟರೆ ಯಾರಿಗೆ ಪತ್ರ. ಸ್ನಾನಯೋಗ್ಯ ನೀರಿನಲ್ಲಿ ಲೀಟರಿಗೆ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ, ಬಿಓಡಿ (ನೀರಿನ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಹೆಚ್ಚೆಂದರೆ 3 ಮಿಲಿಗ್ರಾಂ ಇರಬೇಕು.

ಮೊದಲ ಕೆಲಸ ಮಾತ್ರ ಕಾಗದದ್ದು. ಹಳ್ಳ, ಹೊಳೆಪಾತ್ರ ಉತಾರದಲ್ಲಿ (ಪಹಣಿಯಲ್ಲಿ) ಸಾಮಾನ್ಯವಾಗಿ ‘ಬ’ ಖರಾಬು, ಅಂದರೆ ಸಾಗುವಳಿಗಲ್ಲದ, ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನು. ಪಕ್ಕದ ಹೊಲದವರು ಉಳುತ್ತ ಬಂದಿದ್ದರೆ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ಆಗದೆ ಮುಂದಿನದೆಲ್ಲ ತಕರಾರು. ಗಡಿಕಲ್ಲನ್ನು ದಂಡೆಯಂಚಿಗೆ ನೆಟ್ಟರೆ ಮಳೆಗಾಲ ಒಯ್ಯುತ್ತದೆ. ನೆರೆನೀರು ಏರುವ ಗುರುತಿನಾಚೆ ನೆಡಬೇಕು. ಆಮೇಲೆ ಮೇವು, ಮೀನು, ಜಾತ್ರೆಯ ದಾರಿ, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು. ಇವನ್ನು ಬಿಟ್ಟ ಯೋಜನೆ ಮೊದಲ ಬೇಸಿಗೆಯಲ್ಲೇ ಜಗಳಕ್ಕೆ ಬೀಳುತ್ತದೆ.

ಕೆಲಸದ ಪಟ್ಟಿಯಲ್ಲಿ ಮಾಮೂಲಿ ತಪ್ಪು ಸಸಿ ನೆಡುವುದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ನೆಡುತೋಪು ಬೆಳೆದಿದೆ; ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು ಹುಲ್ಲು. ದಂಡೆಗೆ ಕಲ್ಲು ಕಟ್ಟುವುದೂ ಹಾಗೇ: ಮಣ್ಣು ನಿಲ್ಲುತ್ತದೆ, ನೀರುನಾಯಿಯ ಬಿಲವೂ ಮಿಂಚುಳ್ಳಿಯ ಗೂಡೂ ಹೋಗುತ್ತವೆ.

ಯೋಜನೆಯ ಕರಡು ಪ್ರತಿಯ ಮೇಲೆ ಆಕ್ಷೇಪಣೆ ಕರೆಯಬೇಕೆಂದು 36ಬಿ ಹೇಳುವುದಿಲ್ಲ. ಊರವರಿಗಿರುವ ನೇರ ದಾರಿ ಪಂಚಾಯಿತಿ ಪ್ರತಿನಿಧಿ. ‘ಹೊಳಿ ಉಳಿಸ್ರಿ’ ಎಂಬ ಅರ್ಜಿ ಕಡತ ಸೇರುತ್ತದೆ. ‘ಈ ಸರ್ವೆ ನಂಬರಿನ್ಯಾಗ ಏಪ್ರಿಲ್, ಮೇ ತಿಂಗಳು ದನ ನೀರಿಗೆ ಇಳೀತಾವ, ದಾರಿ ಮುಚ್ಚಬ್ಯಾಡ್ರಿ’ ಎಂದರೆ ನಕ್ಷೆಯಲ್ಲಿ ಗೆರೆ ಬದಲಿಸಲು ಆಗುತ್ತದೆ. ಮಂಜೂರಾದ ಯೋಜನೆಯನ್ನು 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಕೇಳಬಹುದು, ಉತ್ತರಕ್ಕೆ 30 ದಿನ ಗಡುವು. ಅದೇ ಅರ್ಜಿಯಲ್ಲಿ ಆ ವರ್ಷದ ಕಾಮಗಾರಿ ಪಟ್ಟಿಯನ್ನೂ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯೋಜನೆಯಲ್ಲಿಲ್ಲದ ಕೆಲಸ ಯಾವುದೆಂದು ತಾನೇ ಕಾಣುತ್ತದೆ.