ಕನ್ನಡವನ್ನೂ ಇಟಾಲಿಕ್ ಮಾಡಬಹುದೇ?

ಪ್ರಶ್ನೆ: ಮಗಳ ಮದುವೆಯ ಕರೆಯೋಲೆಯನ್ನು ಮುಂಬಯಿಯ ಖೇತ್‌ವಾಡಿಯಲ್ಲಿ ಅಚ್ಚಿಗೆ ಕೊಟ್ಟಿದ್ದೇವೆ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಇಂಗ್ಲಿಷ್ ಗ್ಯಾರಮಂಡ್ ಎಂಬ ಫಾಂಟಿನ ಇಟಾಲಿಕ್‌ನಲ್ಲಿ (ಓರೆ ಅಕ್ಷರದಲ್ಲಿ) ಅಂದವಾಗಿ ಬಂದಿದೆ. ಕನ್ನಡವನ್ನೂ ಹಾಗೇ ಮಾಡಿಸಿದರೆ ಅಕ್ಷರಗಳು ಬೀಳುತ್ತಿರುವಂತೆ ಕಾಣುತ್ತವೆ. ಬೇರೆ ಫಾಂಟ್ ಹಾಕಿಸಬೇಕೇ? (ಮಾಟುಂಗದ ಓದುಗರು)

ಉತ್ತರ: ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ಕನ್ನಡವನ್ನು ನೆಟ್ಟಗೇ ಬಿಡಿ. ಇಂಗ್ಲಿಷಿನಲ್ಲಿ ನಿಮಗೆ ಹಿಡಿಸಿದ್ದು ಓರೆಯಲ್ಲ, ಬೇರೆಯದೇ ಒಂದು ಕೈಬರಹ.

ವೆನಿಸ್‌ನಲ್ಲಿ 1501ರಲ್ಲಿ ಪ್ರಕಾಶಕ ಆಲ್ಡಸ್ ಮನೂಷಿಯಸ್ ವರ್ಜಿಲ್ ಕವಿಯ ಕೃತಿಯನ್ನು ಪೂರ್ತಿ ಇಟಾಲಿಕ್‌ನಲ್ಲೇ ಅಚ್ಚು ಹಾಕಿಸಿದ. ಅಚ್ಚು ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅಂದಿನ ವಿದ್ವಾಂಸರು ವೇಗವಾಗಿ ಬರೆಯುತ್ತಿದ್ದ ಲಿಪಿಯೇ ಅವನಿಗೆ ಮಾದರಿ. ದೊಡ್ಡಕ್ಷರಗಳು ಆಗ ಇನ್ನೂ ನೆಟ್ಟಗೇ ನಿಂತಿದ್ದವು. ನಿಮ್ಮ ಗ್ಯಾರಮಂಡ್‌ನ ಕಥೆಯೂ ಹೀಗೆಯೇ. ಅಡೋಬಿ ಕಂಪನಿಯ 1989ರ ಅಡೋಬಿ ಗ್ಯಾರಮಂಡ್‌ನಲ್ಲಿ ನೆಟ್ಟಗಿನ ಅಕ್ಷರ ಹದಿನಾರನೆಯ ಶತಮಾನದ ಫ್ರೆಂಚ್ ಅಚ್ಚು ಕೊರೆಯುವವ ಕ್ಲೋಡ್ ಗ್ಯಾರಮಂಡ್‌ನ ಮಾದರಿಯದು, ಇಟಾಲಿಕ್ ಅದೇ ಶತಮಾನದ ರಾಬರ್ಟ್ ಗ್ರಾಂಜಾನ್‌ನದು. ಹೆಸರು ಒಂದೇ, ಕೈ ಎರಡು.

ಆದ್ದರಿಂದ ನಿಜವಾದ ಇಟಾಲಿಕ್‌ನಲ್ಲಿ ಅಕ್ಷರದ ಆಕಾರವೇ ಬೇರೆ. ಇಂಗ್ಲಿಷಿನ ಚಿಕ್ಕ ‘ಎ’ (a) ನೆಟ್ಟಗಿದ್ದಾಗ ತಲೆಯ ಮೇಲೆ ಕೊಕ್ಕೆ ಹೊತ್ತ ಎರಡಂತಸ್ತಿನ ಅಕ್ಷರ. ಇಟಾಲಿಕ್‌ನಲ್ಲಿ ಶಾಲೆಯ ಕಾಪಿ ಪುಸ್ತಕದ ಹಾಗೆ ಒಂದೇ ಅಂತಸ್ತು. ‘ಎಫ್’ ಗೆರೆಯ ಕೆಳಗೆ ಬಾಲ ಇಳಿಬಿಡುತ್ತದೆ. ಅಕ್ಷರಗಳ ಅಗಲ ಕಡಿಮೆ, ಲೇಖನಿ ಬಂದು ಹೋದ ಗುರುತು ತುದಿಗಳಲ್ಲಿ ಉಳಿದಿರುತ್ತದೆ. ಕಾರ್ಡಿನಲ್ಲಿ ಇದು ಕಡ್ಡಾಯವಾಗಿ ನೋಡಬೇಕಾದ್ದು: ಆಪರೇಟರ್ ಇಟಾಲಿಕ್ ಫೈಲ್ ಇಲ್ಲದೆ ಬರೀ ‘ಐ’ ಬಟನ್ ಒತ್ತಿದ್ದರೆ ‘ಎ’ ಎರಡಂತಸ್ತಿನದಾಗಿಯೇ ಓರೆಯಾಗಿರುತ್ತದೆ. ಪಿಡಿಎಫ್ ತರಿಸಿ, ಅದನ್ನು ತೆರೆಯುವ ಅಕ್ರೊಬ್ಯಾಟ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಪಟ್ಟಿ ನೋಡಿ. ಇಟಾಲಿಕ್ ಎಂಬ ಹೆಸರು ಅಲ್ಲಿಲ್ಲದಿದ್ದರೆ ಅನುಮಾನ ಪಡಿ. (ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಬರೀ ಚಿತ್ರದ ಗೆರೆಗಳಾಗಿ ಬದಲಿಸಿ ಕಳುಹಿಸಿದ್ದರೆ ಪಟ್ಟಿ ಖಾಲಿ ಇರುತ್ತದೆ, ಆಗ ಕಣ್ಣೇ ಗತಿ.) ಗ್ಯಾರಮಂಡ್‌ನ ಇನ್ನೊಂದು ರೂಪವಾದ ಇಬಿ ಗ್ಯಾರಮಂಡ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ನಿಜವಾದ ಇಟಾಲಿಕ್ ಇದೆ.

ಕನ್ನಡದ ಫಾಂಟುಗಳಲ್ಲಿ ಸಾಮಾನ್ಯವಾಗಿ ಇಂಥ ಪ್ರತ್ಯೇಕ ಇಟಾಲಿಕ್ ಇರುವುದಿಲ್ಲ. ನೋಟೊ ಸೆರಿಫ್ ಕನ್ನಡದಲ್ಲೂ ಇಲ್ಲ. ಬಟನ್ ಒತ್ತಿದರೆ ಕಂಪ್ಯೂಟರ್ ಗೆರೆಯ ಮೇಲಿರುವುದನ್ನು ಬಲಕ್ಕೆ, ಕೆಳಗಿರುವುದನ್ನು ಎಡಕ್ಕೆ ತಳ್ಳುತ್ತದೆ, ಅಷ್ಟೆ. ‘ಲಕ್ಷ್ಮೀ’ ಎಂದು ಬರೆಸಿ ನೋಡಿ. 15 ಡಿಗ್ರಿ ಓರೆಯಲ್ಲಿ, ಗೆರೆಯಿಂದ 4 ಮಿ.ಮೀ. ಕೆಳಗಿರುವ ಒತ್ತಕ್ಷರ ಸುಮಾರು 1 ಮಿ.ಮೀ. ಎಡಕ್ಕೆ ಸರಿದು ಪಕ್ಕದ ಅಕ್ಷರದ ಅಡಿಗೆ ನುಗ್ಗುತ್ತದೆ. ಮೇಲಿನ ಗುಡಿಸು ಬಲಕ್ಕೆ ಓಡುತ್ತದೆ. ದುಂಡು ಭಾಗಗಳದ್ದು ಇನ್ನೊಂದು ಪಾಡು. ಸೊನ್ನೆಯನ್ನು ಹೀಗೆ ಎಳೆದರೆ ಬಲಮೇಲೆ, ಎಡಕೆಳಗೆ ಗೆರೆ ದಪ್ಪವಾಗಿ ಉಳಿದೆರಡು ಮೂಲೆಗಳಲ್ಲಿ ತೆಳುವಾಗುತ್ತದೆ. ನಮ್ಮ ಲಿಪಿಯಲ್ಲಿ ದುಂಡಿಲ್ಲದ ಅಕ್ಷರ ಯಾವುದಿದೆ? ದೇವನಾಗರಿಯಲ್ಲಿ ನೇರ ಕಂಬಗಳು, ಶಿರೋರೇಖೆ ಇರುವುದರಿಂದ ಈ ಓರೆ ಅಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ದಿನವಿಡೀ ಮರಾಠಿ ಕೂಡಿಸುವ ಆಪರೇಟರ್‌ಗೆ ಕನ್ನಡ ಓದಲು ಬಾರದಿದ್ದರೆ ಕೆಟ್ಟದ್ದು ಗೊತ್ತೂ ಆಗುವುದಿಲ್ಲ, ಪಾಪ.

ಕನ್ನಡದ ಬದಿಗೆ ಮೆರುಗು ಬೇಕಿದ್ದರೆ ವಧೂವರರ ಹೆಸರನ್ನು ದೊಡ್ಡದು ಮಾಡಿ. ಉಳಿದ ಪಠ್ಯ 12 ಪಾಯಿಂಟ್ ಇದ್ದರೆ ಹೆಸರು 20ರಿಂದ 24. ಬಣ್ಣ ಬದಲಿಸಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿಸಿ. ಒತ್ತಕ್ಷರಕ್ಕೂ ಅದು ಬೇಕು. ಕರ್ವ್ಸ್ ಮಾಡಿಸುವ ಮುಂಚೆ ಕನ್ನಡವನ್ನು ಬಲ್ಲವರಿಂದ ಓದಿಸಿ, ಆಮೇಲೆ ಕಾಗುಣಿತ ತಿದ್ದಲಾಗುವುದಿಲ್ಲ. ಕಾರ್ಡು ವಿನ್ಯಾಸ ಮಾಡುವ ಕೋರಲ್ ಡ್ರಾ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗುವುದುಂಟು.

ಇಂಗ್ಲಿಷ್ ಬದಿಯಲ್ಲೂ ಇಟಾಲಿಕ್ ಮೂರು ನಾಲ್ಕು ಸಾಲಿಗೆ ಸಾಕು: ಹೆಸರು, ಆಹ್ವಾನದ ವಾಕ್ಯ. ಹಾಲ್‌ನ ವಿಳಾಸ, ಸಮಯ, ಮೊಬೈಲ್ ನಂಬರ್ ನೆಟ್ಟಗಿರಲಿ. ಇಟಾಲಿಕ್‌ನ ಬಾಲದ ದೊಡ್ಡಕ್ಷರಗಳನ್ನು ಹೆಸರಿನ ಮೊದಲಕ್ಷರಕ್ಕೆ ಮಾತ್ರ ಬಳಸಿ. ಇಡೀ ಹೆಸರಿಗೆ ಹಾಕಿದರೆ ಓದಲಾಗುವುದಿಲ್ಲ. ಎರಡು ಹೆಸರುಗಳ ನಡುವಿನ ‘ಅಂಡ್’ ಚಿಹ್ನೆಯನ್ನಂತೂ (&) ಇಟಾಲಿಕ್‌ನಲ್ಲೇ ಇಡಿಸಿ, ಹೆಸರುಗಳು ನೆಟ್ಟಗಿದ್ದರೂ. ಲ್ಯಾಟಿನ್‌ನಲ್ಲಿ ‘ಮತ್ತು’ ಎಂಬರ್ಥದ ‘ಎತ್’ ಪದದ ಎರಡು ಅಕ್ಷರ ಸೇರಿ ಆದ ಚಿಹ್ನೆ ಅದು. ಗ್ಯಾರಮಂಡ್ ಇಟಾಲಿಕ್‌ನಲ್ಲಿ ಅದಕ್ಕಿರುವ ಚೆಲುವು ಬೇರೆಡೆ ಅಪರೂಪ.

ಗೋಲ್ಡ್ ಫಾಯಿಲ್ ಹಾಕಿಸುತ್ತಿದ್ದರೆ ಗ್ಯಾರಮಂಡ್‌ನ ತೆಳು ಗೆರೆಗಳೇ ಮೊದಲು ಕೈಕೊಡುವುದು. ತರಿತರಿ ಕೈಕಾಗದದ ಮೇಲೆ ಫಾಯಿಲ್ ಹಿಡಿಯದೆ ಅವು ಅಲ್ಲಲ್ಲಿ ತುಂಡಾಗುತ್ತವೆ. ಮೆರೂನ್ ಹಿನ್ನೆಲೆಯಲ್ಲಿ ಅಕ್ಷರದ ಜಾಗವನ್ನು ಬಿಳಿಯಾಗಿ ಬಿಟ್ಟರೆ ಶಾಯಿ ಹರಡಿ ತೆಳು ಗೆರೆ ಮುಚ್ಚಿಹೋಗುತ್ತದೆ. ಎರಡಕ್ಕೂ ಮದ್ದು ಒಂದೇ: 14 ಪಾಯಿಂಟ್‌ಗಿಂತ ಚಿಕ್ಕದು ಬೇಡ, ರೆಗ್ಯುಲರ್ ಬದಲು ಸೆಮಿಬೋಲ್ಡ್ ಇಟಾಲಿಕ್ ಕೇಳಿ. ಎಲ್ಲಾ ಕಾರ್ಡು ಹೊಡೆಯುವ ಮೊದಲು ನೀವು ಆರಿಸಿದ ಕಾಗದದ ಮೇಲೆಯೇ ಒಂದು ಪ್ರತಿ ತೆಗೆಸಿ. ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ತೋರಿಸಿದ್ದನ್ನು ನೋಡಿ ಒಪ್ಪಬೇಡಿ.