ಮಾತ್ರೆ ಶುರುವಾದ ಮೇಲೆ ಅಮ್ಮ ಬರಲಿಲ್ಲ

"ಮೇಡಂ, ಒಂದು ಮಾತು ಕೇಳ್ಲಾ? ಬೈಬಾರ್ದು."

ಅದು ಆಕೆಯ ಮೂರನೇ ಭೇಟಿ. ವಯಸ್ಸು ನಲವತ್ತು ದಾಟಿದೆ. ಬಲ ಅಂಗೈಯ ಸುಟ್ಟ ಗಾಯ ಒಣಗಿ ಹೊಸ ಚರ್ಮ ಬಂದಿತ್ತು. ಜೊತೆಗೆ ಅವರ ಭಾವ, ರಿಟೈರ್ಡ್ ಮೇಷ್ಟ್ರು, ಪ್ರತಿ ಸಲದಂತೆ ಫೈಲ್ ಹಿಡಿದು ಕೂತಿದ್ದರು.

"ಕೇಳಿ" ಅಂದೆ.

"ಮಾತ್ರೆ ಶುರು ಮಾಡಿ ಎರಡು ತಿಂಗಳಾಯ್ತು. ಅಮ್ಮ ಒಂದು ಸಲನೂ ಬಂದಿಲ್ಲ. ಹಾಗಾದ್ರೆ ಮೊದ್ಲು ಬರ್ತಿದ್ದದ್ದು ಯಾರು?"

ಮನೋವೈದ್ಯೆಯಾಗಿ ಇಪ್ಪತ್ತು ವರ್ಷ ದಾಟಿದೆ. ದೇವರಿದ್ದಾನಾ, ದೆವ್ವ ಇದೆಯಾ ಅಂತ ಮದುವೆಮನೆಯಲ್ಲಿ ಕೇಳುವವರಿಗೆ ನಕ್ಕು ಸುಮ್ಮನಾಗುತ್ತೇನೆ. ಅವರಿಗೆ ಬೇಕಿರುವುದು ಉತ್ತರವಲ್ಲ, ಊಟಕ್ಕೆ ಎಲೆ ಹಾಕುವವರೆಗೆ ಹೊತ್ತು ಹೋಗಬೇಕು ಅಷ್ಟೆ. ಇವರು ಕೇಳಿದ್ದು ಹಾಗಲ್ಲ. ಅದಕ್ಕೇ ಆ ಪ್ರಶ್ನೆ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ.)

ಹಾಸನ ಜಿಲ್ಲೆಯ ಒಂದು ಹಳ್ಳಿ ಅವರದು. ಮೈಮೇಲೆ ಚೌಡಮ್ಮ ಬರ್ತಾಳೆ ಅಂತ ಆರೇಳು ವರ್ಷದಿಂದ ಊರಲ್ಲಿ ಹೆಸರು. ಮಂಗಳವಾರ ಮನೆ ಮುಂದೆ ಚಪ್ಪಲಿ ರಾಶಿ. ನಿಂಬೆಹಣ್ಣು, ಎಲೆ ಅಡಿಕೆ ಹಿಡಿದು ಜನ ಕಾಯುತ್ತಿದ್ದರು. ಆದರೆ ಅಮ್ಮ ಹೇಳಿದ ದಿನ ಬರುತ್ತಿರಲಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಲ್ಲಿ ಕೂತಾಗ, ಒಂದು ಸಲ ಕಕ್ಕಸಿನಲ್ಲಿ ಕೂಡ ಬಂದದ್ದುಂಟು. ಬಂದರೆ ಒಂದೆರಡು ನಿಮಿಷ. ದೃಷ್ಟಿ ಒಂದೇ ಕಡೆ ನೆಡುತ್ತದೆ. ಬಾಯಿ ಚಪ್ಪರಿಸುತ್ತಾರೆ. ಕೈ ಸೆರಗು ಹಿಂಡುತ್ತದೆ. ಏನೋ ಎರಡು ಮಾತು ಗೊಣಗಿದರೆ ಅದೇ ನುಡಿ. ಆಮೇಲೆ ಹತ್ತು ನಿಮಿಷ ಮಂಕು. ನಡೆದದ್ದೇನೂ ನೆನಪಿರುವುದಿಲ್ಲ.

ನನ್ನ ಹತ್ತಿರ ಕರೆತಂದದ್ದು ಅಮ್ಮನ ಕಾರಣಕ್ಕಲ್ಲ, ಗಾಯದ ಕಾರಣಕ್ಕೆ. ಕಾವಲಿ ಮೇಲೆ ಅಕ್ಕಿರೊಟ್ಟಿ ತಟ್ಟುತ್ತಿದ್ದರಂತೆ. ಅಷ್ಟರಲ್ಲಿ ಅಮ್ಮ ಬಂದಳು. ಒಲೆ ಉರಿಯುತ್ತಿತ್ತು, ರೊಟ್ಟಿ ಮೇಲಿದ್ದ ಕೈ ಅಲ್ಲೇ ಉಳಿಯಿತು. ವಾಸನೆ ಬಂದು ಮಗಳು ಓಡಿಬಂದು ಕೈ ಎಳೆದಳು. ಗಾಯಕ್ಕೆ ಡ್ರೆಸ್ಸಿಂಗ್ ಮಾಡಿದ ಡಾಕ್ಟರು ನನ್ನ ಹತ್ತಿರ ಕಳಿಸಿದರು.

ಮೈಮೇಲೆ ದೇವರು ಬರುವುದರಲ್ಲಿ ನಾವು ಮೊದಲು ನೋಡುವುದು ಇದನ್ನೇ. ಎಷ್ಟು ಹೊತ್ತು ಇರುತ್ತೆ? ಎದುರಿಗಿದ್ದವರಿಗೆ ಉತ್ತರ ಕೊಡ್ತಾರಾ? ಒಬ್ಬರೇ ಇದ್ದಾಗಲೂ ಬರುತ್ತಾ? ಗುಡಿಯಲ್ಲಿ ತಮಟೆ ಬಡಿದಾಗ ಬರುವ ದೇವರು ಅರ್ಧ ಗಂಟೆ ಕುಣಿಯುತ್ತದೆ, ಮಾತಾಡುತ್ತದೆ, ಜಗಳ ಬಿಡಿಸುತ್ತದೆ, ಮಂಗಳಾರತಿ ಆದ ಮೇಲೆ ಇಳಿಯುತ್ತದೆ. ಅದಕ್ಕೆ ಹೊತ್ತುಗೊತ್ತು ಇದೆ. ಕರಾವಳಿಯ ದೈವದ ಕೋಲದಲ್ಲಿ ಪಾತ್ರಿಗೆ ದರ್ಶನ ಬಂದರೆ, ಅಂದರೆ ದೈವ ಅವನ ಮೈಮೇಲೆ ಬಂದರೆ, ಅದನ್ನು ನಾವು ಕಾಯಿಲೆ ಅನ್ನುವುದೇ ಇಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಅದನ್ನೇ ಹೇಳುತ್ತದೆ: ಆ ಸಮಾಜ ಒಪ್ಪಿಕೊಂಡ ಆಚರಣೆಯ ಭಾಗವಾಗಿ ಬಂದರೆ ಅದು ರೋಗವಲ್ಲ. ಹೊತ್ತುಗೊತ್ತಿಲ್ಲದೆ ಬಂದು ಕೈ ಸುಡುವುದು ಬೇರೆ ಬಾಬತ್ತು.

ಇಇಜಿ, ಅಂದರೆ ಮಿದುಳಿನ ವಿದ್ಯುತ್ತಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಪರೀಕ್ಷೆ, ಮಾಡಿಸಿದೆವು. ಬಲಗಡೆ ಕಿವಿಯ ಮೇಲ್ಭಾಗ, ಅಂದರೆ ಮಿದುಳಿನ ಟೆಂಪೊರಲ್ ಲೋಬ್ ಅನ್ನುವ ಕಡೆ, ಗೆರೆ ಚೂಪುಚೂಪಾಗಿ ಎದ್ದಿತ್ತು. ಅದು ಫಿಟ್ಸಿನ ಗುರುತು. ಫಿಟ್ಸ್ ಅಂದರೆ ಬಿದ್ದು ಒದ್ದಾಡಿ ಬಾಯಲ್ಲಿ ನೊರೆ ಬರೋದು ಅಂತಲೇ ಜನ ತಿಳಿದಿರುತ್ತಾರೆ. ಬೀಳದೆಯೂ ಫಿಟ್ಸ್ ಬರುತ್ತದೆ. ಶುರುವಾಗುವಾಗ ಏನನಿಸುತ್ತೆ ಅಂತ ಕೇಳಿದ್ದೆ. "ಹೊಟ್ಟೆಯಿಂದ ಏನೋ ಮೇಲಕ್ಕೆ ಉಕ್ಕಿ ಬರುತ್ತೆ. ಸುಟ್ಟ ಕೊಬ್ಬರಿ ವಾಸ್ನೆ. ಆಮೇಲೆ ಯಾರೋ ಹಿಂದೆ ಬಂದು ನಿಂತ್ರು ಅನ್ಸುತ್ತೆ. ಅಷ್ಟೇ ಗೊತ್ತಿರೋದು" ಅಂದಿದ್ದರು.

ಯಾರೋ ಹಿಂದೆ ನಿಂತ ಹಾಗೆ. ಈ ಮಾತು ಕೇಳಿದಾಗ ನನಗೆ 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ವರದಿ ನೆನಪಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 22 ವರ್ಷದ ಒಬ್ಬ ಹುಡುಗಿಗೆ ಫಿಟ್ಸ್ ಆಪರೇಷನ್ನಿಗೆ ಮೊದಲು ಮಿದುಳಿನ ಪರೀಕ್ಷೆ ನಡೆಯುತ್ತಿತ್ತು. ಎಡಗಡೆ, ಟೆಂಪೊರಲ್ ಮತ್ತು ಪರೈಟಲ್ ಭಾಗಗಳು ಕೂಡುವ ಜಾಗಕ್ಕೆ ಸಣ್ಣದಾಗಿ ಕರೆಂಟು ಕೊಟ್ಟರು. ತಕ್ಷಣ ಅವಳಿಗೆ ಹಿಂದೆ ಯಾರೋ ಇದ್ದಾರೆ ಅನ್ನಿಸಿತು. ಅವಳು ಮಲಗಿದ್ದರೆ ಆ ನೆರಳೂ ಮಲಗಿದೆ, ಕೂತರೆ ಅದೂ ಕೂತಿದೆ. ಓದಲು ಕಾರ್ಡ್ ಕೊಟ್ಟರೆ, ಕಾರ್ಡ್ ಕಿತ್ತುಕೊಳ್ಳೋಕೆ ನೋಡ್ತಿದಾನೆ ಅಂದಳು. ಕರೆಂಟು ನಿಲ್ಲಿಸಿದರು, ನೆರಳೂ ಹೋಯಿತು. ನಮ್ಮ ಮೈ ಎಲ್ಲಿದೆ ಅನ್ನುವ ಲೆಕ್ಕವನ್ನು ಮಿದುಳು ಸದಾ ಇಡುತ್ತಿರುತ್ತದೆ. ಆ ಲೆಕ್ಕ ತಪ್ಪಿದರೆ ನಮ್ಮ ಮೈಯೇ ಇನ್ನೊಬ್ಬರ ಮೈಯಾಗಿ ಪಕ್ಕದಲ್ಲಿ ನಿಲ್ಲುತ್ತದೆ.

ಇಲ್ಲಿಗೆ ಬಂದಾಗ ನಮ್ಮ ಕಾಲೇಜಿನ ಹುಡುಗರು "ಮುಗೀತಲ್ಲ ಮೇಡಂ, ದೇವರು ಮಿದುಳಿನೊಳಗೇ ಇರೋದು" ಅಂತಾರೆ. ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಅಂಗಳದ ಮಾವಿನಮರ ನೋಡುವಾಗಲೂ ಮಿದುಳು ಕೆಲಸ ಮಾಡುತ್ತದೆ. ಆಗಲೂ ಮಿದುಳಿನ ಸ್ಕ್ಯಾನ್ ಯಂತ್ರದಲ್ಲಿ ಒಂದು ಕಡೆ ಬಣ್ಣ ಹೊತ್ತಿಕೊಳ್ಳುತ್ತದೆ. ಅದಕ್ಕೆ ಮಾವಿನಮರ ತಲೆಯೊಳಗೇ ಇರೋದು ಅಂತೀವಾ? ಮಿದುಳಿಲ್ಲದೆ ಯಾವ ಅನುಭವವೂ ಇಲ್ಲ, ನಿಜದ್ದೂ ಇಲ್ಲ, ಸುಳ್ಳಿನದೂ ಇಲ್ಲ. ಅಲ್ಲದೆ ಈ ವಿಷಯದಲ್ಲಿ ವಿಜ್ಞಾನಿಗಳೂ ಅವಸರಪಟ್ಟದ್ದುಂಟು. ಕೆನಡಾದ ಮೈಕೆಲ್ ಪರ್ಸಿಂಗರ್ ಒಂದು ಹೆಲ್ಮೆಟ್ ತೊಡಿಸಿ, ತಲೆಗೆ ತೆಳು ಕಾಂತಕ್ಷೇತ್ರ ಕೊಟ್ಟರೆ ಜನರಿಗೆ ಯಾರೋ ಇದ್ದ ಅನುಭವ ಆಗುತ್ತೆ ಅಂದರು. 'ದೇವರ ಹೆಲ್ಮೆಟ್' ಅಂತ ಅದು ಪತ್ರಿಕೆಗಳಲ್ಲಿ ಮೆರೆಯಿತು. 2005ರಲ್ಲಿ ಸ್ವೀಡನ್ನಿನ ತಂಡವೊಂದು, ಕಾಂತ ಆನ್ ಇದೆಯೋ ಆಫ್ ಇದೆಯೋ ತೊಟ್ಟವರಿಗೂ ತೊಡಿಸಿದವರಿಗೂ ಗೊತ್ತಾಗದ ಹಾಗೆ ಮತ್ತೆ ಮಾಡಿತು. ಕಾಂತದಿಂದ ಏನೂ ಆಗಲಿಲ್ಲ. ಬೇಗ ನಂಬುವ ಸ್ವಭಾವದವರಿಗೆ ಸ್ವಿಚ್ ಆಫ್ ಇದ್ದಾಗಲೂ ಅನುಭವ ಆಗಿತ್ತು.

ಆ ದಿನ ನನ್ನ ರೂಮಿನಲ್ಲಿ ಮೇಷ್ಟ್ರು ಬಾಯಿ ಹಾಕಿದರು. "ಮೇಡಂ, ನನ್ನ ರೇಡಿಯೋ ಕೆಟ್ಟರೆ ಹಾಸನ ಆಕಾಶವಾಣಿನೇ ಇಲ್ಲ ಅನ್ನೋಕಾಗುತ್ತಾ? ಮಿದುಳು ರೇಡಿಯೋ ಇದ್ದ ಹಾಗೆ. ನೀವು ರೇಡಿಯೋ ರಿಪೇರಿ ಮಾಡ್ತೀರಿ, ಸ್ಟೇಷನ್ ಬಗ್ಗೆ ಹೇಗೆ ಹೇಳ್ತೀರಿ?"

ಒಳ್ಳೆ ಮಾತು. ನಾನೂ ಬಿಡಲಿಲ್ಲ. "ಸ್ಟೇಷನ್ ಇದೆ ಅಂತ ನಿಮಗೆ ಗೊತ್ತಾಗೋದು ಪಕ್ಕದ ಮನೆ ರೇಡಿಯೋದಲ್ಲೂ ಅದೇ ವಾರ್ತೆ ಬರೋದರಿಂದ ಅಲ್ವಾ ಮೇಷ್ಟ್ರೇ? ನಮ್ಮ ಕಡೆಯವರ ಮೈಮೇಲೆ ಚೌಡಮ್ಮ ಬರ್ತಾಳೆ. ಘಾಟಿ ಇಳಿದರೆ ಪಂಜುರ್ಲಿ. ಇಲ್ಲಿಯವರೆಗೆ ಹೆಸರೇ ಕೇಳದ ದೇವರು ಯಾರ ಮೈಮೇಲೂ ಬಂದದ್ದನ್ನ ನಾನು ನೋಡಿಲ್ಲ."

"ವಾರ್ತೆನ ಕನ್ನಡದಲ್ಲೂ ಓದ್ತಾರೆ, ತುಳುವಲ್ಲೂ ಓದ್ತಾರೆ. ಭಾಷೆ ಬೇರೆ ಅಂತ ಸುದ್ದಿ ಬೇರೆ ಆಗುತ್ತಾ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಹೊಳೆಯಿತು. (ನನಗೆ ಯಾವಾಗಲೂ ಹಾಗೇ.) ಎರಡು ಭಾಷೆಯ ವಾರ್ತೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಊರಿನ ಹೆಸರು, ಮಳೆಯ ಲೆಕ್ಕ ಹೊಂದಬೇಕು. ಇಲ್ಲಿ ಹೊಂದುವುದು ಅಂಥ ಸುದ್ದಿಯಲ್ಲ, ಒಂದು ಭಾವ: ಯಾರೋ ಇದ್ದಾರೆ, ಅವರಿಗೆ ನಾನು ಗೊತ್ತು. ಅದು ಎಲ್ಲ ಊರಲ್ಲೂ, ಎಲ್ಲ ಧರ್ಮದಲ್ಲೂ ಹೊಂದುತ್ತದೆ, ನಿಜ. ಆದರೆ ಅದಕ್ಕೆ ಕಾರಣ ಎರಡಿರಬಹುದು. ಸ್ಟೇಷನ್ ಒಂದೇ ಇರಬಹುದು. ಇಲ್ಲಾ, ರೇಡಿಯೋಗಳೆಲ್ಲ ಒಂದೇ ಕಂಪನಿಯವು ಇರಬಹುದು. ನನ್ನ ಮನಸ್ಸು ಎರಡನೆಯದರ ಕಡೆ ವಾಲುತ್ತದೆ. ಹಾಗಂತ ಅದು ಇಇಜಿ ಹೇಳಿದ ಮಾತಲ್ಲ, ನನ್ನ ಮಾತು.

ದೆವ್ವದ ವಿಷಯದಲ್ಲಿ ನಾನು ಇಷ್ಟು ನಯವಾಗಿರುವುದಿಲ್ಲ. ಏಕೆಂದರೆ ದೆವ್ವ ಮಾತಾಡುತ್ತದೆ, ಮಾತಾಡುವುದನ್ನು ಪರೀಕ್ಷೆ ಮಾಡಬಹುದು. ನಾನು ಮಾತಾಡಿಸಿದ ಯಾವ ದೆವ್ವವೂ ಆ ಮನುಷ್ಯನಿಗೆ ಗೊತ್ತಿಲ್ಲದ ಒಂದೇ ಒಂದು ವಿಷಯ ಹೇಳಿಲ್ಲ. ಕನ್ನಡ ಬಿಟ್ಟು ಬೇರೆ ಭಾಷೆ ಬರದವರ ಮೇಲೆ ಬಂದ ದೆವ್ವಕ್ಕೂ ಕನ್ನಡ ಮಾತ್ರ ಬರುತ್ತದೆ. ಆದರೆ ಆ ಮನುಷ್ಯ ಹೇಳಲಾಗದ ವಿಷಯಗಳನ್ನು ದೆವ್ವಗಳು ಬೇಕಾದಷ್ಟು ಹೇಳಿವೆ.

ಕೆಲವು ವರ್ಷದ ಹಿಂದೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳನ್ನು ಕರೆತಂದಿದ್ದರು. ತೀರಿಕೊಂಡ ಓರಗಿತ್ತಿ ಮೈಮೇಲೆ ಬರ್ತಾಳೆ ಅಂದರು. ಬಂದಾಗ ಏನು ಕೇಳ್ತಾಳೆ? ಬಿಸಿ ಕಾಫಿ, ಹೊಸ ಸೀರೆ, ತವರಿಗೆ ಕಳಿಸಿ ಅನ್ನುವುದು. ಅತ್ತೆ ಆ ಹೊತ್ತಲ್ಲಿ ಕೈಮುಗಿದು "ಏನು ಬೇಕವ್ವಾ, ಹೇಳು" ಅಂತ ನೆಲಕ್ಕೆ ಕೂರುತ್ತಿದ್ದರಂತೆ. ಬೇರೆ ಹೊತ್ತಲ್ಲಿ ಆ ಹುಡುಗಿಗೆ ಏನು ಬೇಕು ಅಂತ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ನಾಟಕ ಆಡ್ತಿದ್ದಾಳೆ ಅಂತ ಗಂಡನಿಗೆ ಅನುಮಾನ. ನಾಟಕ ಅಲ್ಲ. ತಾಳಲಾರದ ಮನಸ್ಸು ತನ್ನ ಒಂದು ಭಾಗವನ್ನು ಪಕ್ಕಕ್ಕೆ ಸರಿಸಿ, ಅದರ ಕೈಯಲ್ಲಿ ಮಾತಾಡಿಸುತ್ತದೆ. ಅವಳಿಗೂ ಅದು ಗೊತ್ತಾಗುವುದಿಲ್ಲ. ನಾನು ಅವಳಿಗೆ ಮಾತ್ರೆ ಕೊಡಲಿಲ್ಲ. ಅತ್ತೆಯನ್ನೂ ಗಂಡನನ್ನೂ ಕೂರಿಸಿ ನಾಲ್ಕು ಸಲ ಮಾತಾಡಿದೆ, ಅವಳನ್ನು ತಿಂಗಳು ತವರಿಗೆ ಕಳಿಸಿದರು. ಓರಗಿತ್ತಿ ಮತ್ತೆ ಬರಲಿಲ್ಲ.

ಸತ್ತವರು ಕಾಣುವುದೆಲ್ಲ ಹೀಗೇ ಅಂದುಕೊಳ್ಳಬೇಡಿ. ಡೇವಿ ರೀಸ್ ಅನ್ನುವ ವೈದ್ಯರು, 1971ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ವೇಲ್ಸ್‌ನ ಹಳ್ಳಿಗಾಡಿನಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಕೂರಿಸಿ ಕೇಳಿದ್ದರು. ಹತ್ತಿರಹತ್ತಿರ ಅರ್ಧ ಜನಕ್ಕೆ ಸತ್ತವರು ಪಕ್ಕದಲ್ಲಿದ್ದ ಹಾಗೆ ಅನಿಸಿತ್ತು. ಕೆಲವರಿಗೆ ದನಿ ಕೇಳಿಸಿತ್ತು, ಕೆಲವರಿಗೆ ಕಂಡಿತ್ತು. ಹೆಚ್ಚಿನವರು ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಇವರು ಯಾರೂ ರೋಗಿಗಳಲ್ಲ. ನಮ್ಮ ಅಪ್ಪ ತೀರಿಹೋದ ವರ್ಷ ಸಂಜೆ ಆರರ ಹೊತ್ತಿಗೆ ಗೇಟಿನ ಚಿಲಕದ ಸದ್ದು ನನಗೆ ಎಷ್ಟೋ ಸಲ ಕೇಳಿಸಿದೆ. ಮೂವತ್ತು ವರ್ಷ ಅದೇ ಹೊತ್ತಿಗೆ ಆ ಸದ್ದಿಗೆ ಕಾದ ಕಿವಿ ಅದು. ಇದೆಲ್ಲ ನಾನು ಪಾಠ ಮಾಡುವ ವಿಷಯ. ಆದರೂ ಎದ್ದು ಹೋಗಿ ನೋಡುತ್ತಿದ್ದೆ.

ಇದೆಲ್ಲ ನಿಧಾನವಾಗಿ ಯೋಚಿಸಬಹುದಾದ ಮಾತು. ಒಂದು ಕಡೆ ಮಾತ್ರ ನಿಧಾನಕ್ಕೆ ಜಾಗವಿಲ್ಲ. 2001ರ ಆಗಸ್ಟ್ 6ರ ಬೆಳಗ್ಗೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಹತ್ತಿರ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಇತ್ತು, ಓಡಲಾಗಲಿಲ್ಲ. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಕಟ್ಟುವುದನ್ನು ಎಲ್ಲ ಕಡೆ ನಿಷೇಧಿಸಿದೆ. ದೆವ್ವ ಇದೆಯೋ ಇಲ್ಲವೋ, ಬಿಡಿಸ್ತೀನಿ ಅಂತ ಹೊಡೆಯುವವರ, ಹೊಗೆ ಹಾಕುವವರ, ಕಟ್ಟಿಹಾಕುವವರ ಕೈಯಿಂದ ಮೊದಲು ಆ ವ್ಯಕ್ತಿಯನ್ನು ಬಿಡಿಸಿ ತನ್ನಿ.

ಹಾಗಂತ ಗುಡಿಯನ್ನೇ ದೂರ ಇಡಿ ಅನ್ನುವವಳಲ್ಲ ನಾನು. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಜೊತೆಯವರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದರಲ್ಲಿ ಬಂದು ಉಳಿದ 31 ಜನ ಮಾನಸಿಕ ರೋಗಿಗಳನ್ನು ಗಮನಿಸಿ 2002ರಲ್ಲಿ ಬರೆದಿದ್ದಾರೆ. ಅಲ್ಲಿ ಹೊಡೆತವಿಲ್ಲ, ವಿಶೇಷ ಮಂತ್ರವಿಲ್ಲ. ಮನೆಯವರೊಬ್ಬರ ಜೊತೆ ಇರುವುದು, ಬೆಳಗಿನ ಪೂಜೆ, ಗುಡಿಯ ಸಣ್ಣಪುಟ್ಟ ಕೆಲಸ. ಸರಾಸರಿ ಆರು ವಾರದಲ್ಲಿ ರೋಗಲಕ್ಷಣದ ಅಂಕ ಸುಮಾರು 20% ಇಳಿದಿತ್ತು. ಸಣ್ಣ ಅಧ್ಯಯನ, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ. ಆದರೂ ನನಗೆ ಆಶ್ಚರ್ಯವಾಗಲಿಲ್ಲ. ಬೈಯದೆ, ನಗದೆ ಇಟ್ಟುಕೊಳ್ಳುವ ಜಾಗ ಎಲ್ಲಿದ್ದರೂ ಜನ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ. ನನ್ನ ರೋಗಿಗಳು ಮಾತ್ರೆಯನ್ನೂ ತಗೊಂಡು ಗುಡಿಗೂ ಹೋದರೆ ನನ್ನ ತಕರಾರಿಲ್ಲ. ಗುಡಿಯವರು ಮಾತ್ರೆ ಬಿಡಿಸಿದರೆ ತಕರಾರಿದೆ.

ಅಮ್ಮ ಬರುತ್ತಿದ್ದ ಆಕೆಯ ಪ್ರಶ್ನೆಗೆ ಆ ದಿನ ಏನು ಹೇಳಿದೆ? "ಮೊದ್ಲು ಬರ್ತಿದ್ದದ್ದು ಫಿಟ್ಸ್. ಅದರಲ್ಲಿ ನನಗೆ ಅನುಮಾನ ಇಲ್ಲ. ನಿಮ್ಮೂರ ಗುಡಿಯಲ್ಲಿರೋ ಅಮ್ಮನ ವಿಷಯ ಬೇರೆ. ಅದನ್ನ ನೋಡೋಕೆ ನನ್ನ ಹತ್ರ ಮಿಷನ್ ಇಲ್ಲ" ಅಂದೆ.

ಮೇಷ್ಟ್ರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಆಕೆ ಮಾತ್ರ ಅಂಗೈ ತಿರುಗಿಸಿ ನೋಡಿಕೊಂಡರು.

"ನಂಗೂ ಅನುಮಾನ ಇತ್ತು ಮೇಡಂ. ಅಮ್ಮ ಬಂದಾಗ ಕೆಂಡ ತುಳಿದ್ರೂ ಸುಡಲ್ಲ ಅಂತಾರೆ. ನಂಗೆ ಸುಟ್ಟಿತಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಮಂಗಳವಾರ ಈಗ ಯಾರೂ ಬರಲ್ಲ. ಬೇಜಾರಾಗುತ್ತೆ" ಅಂದರು.

ಆ ಬೇಜಾರಿಗೆ ನನ್ನ ಹತ್ತಿರ ಮಾತ್ರೆ ಇರಲಿಲ್ಲ. ನಿದ್ದೆ ಕೆಡಬಾರದು, ಉಪವಾಸ ಮಾಡಬಾರದು, ಒಂದು ಹೊತ್ತಿನ ಮಾತ್ರೆಯೂ ತಪ್ಪಬಾರದು ಅಂದೆ. ಒಲೆ ಹತ್ತಿರ, ಬಾವಿ ಹತ್ತಿರ ಒಬ್ಬರೇ ಹೋಗಬಾರದು ಅಂತ ಮೇಷ್ಟ್ರಿಗೂ ಹೇಳಿದೆ.

"ಮಾತ್ರೆ ಎಲ್ಲಿಡ್ತೀರಿ? ಮರೆತುಹೋಗಲ್ವಾ?"

"ದೇವರ ಗೂಡಲ್ಲಿ. ಬೆಳಿಗ್ಗೆ ದೀಪ ಹಚ್ಚುವಾಗ ಒಂದು, ಸಾಯಂಕಾಲ ಹಚ್ಚುವಾಗ ಒಂದು."

ಸರಿ ಅಂದು ಮೂರು ತಿಂಗಳಿಗೆ ಬರೆದುಕೊಟ್ಟೆ. ಬರುವಾಗ ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ, ಈ ಮಾತ್ರೆಗೆ ರಕ್ತದಲ್ಲಿ ಸೋಡಿಯಂ ಕಡಿಮೆಯಾಗಬಹುದು ಅಂತ ಚೀಟಿಯ ಹಿಂದೆ ಬರೆದೆ.