ಪೆನ್‌ಡ್ರೈವ್ ಖಾಲಿ ಇದ್ದರೂ ಇಮೇಜ್ ಫೈಲ್ 4 ಜಿಬಿಗೇ ನಿಲ್ಲುವುದೇಕೆ?

ಪ್ರಶ್ನೆ: ನನ್ನ 32 ಜಿಬಿ ಪೆನ್‌ಡ್ರೈವ್ ಪೂರ್ತಿ ಖಾಲಿ ಇದೆ. ಲಿನಕ್ಸ್‌ನಲ್ಲಿ ಡಿಡಿ (ಬೈಟ್‌ಗಳನ್ನು ಹಾಗೇ ನಕಲು ಮಾಡುವ) ಕಮಾಂಡ್ ಕೊಟ್ಟು 8 ಜಿಬಿ ಇಮೇಜ್ ಫೈಲ್ (ಇಡೀ ಡಿಸ್ಕಿನಂತೆ ಬಳಸುವ ಒಂದೇ ಫೈಲ್) ಮಾಡಲು ಹೋದರೆ 4 ಜಿಬಿ ಆಗುತ್ತಿದ್ದಂತೆ ಎರರ್ ಬರುತ್ತದೆ. ಡ್ರೈವ್ ಹಾಳಾಗಿದೆಯೇ?

ಉತ್ತರ: ಇಲ್ಲ, ಹಾಳಾಗಿಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಪ್ರಶ್ನೆ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ. ನಿಮ್ಮ ಡ್ರೈವ್ ಫ್ಯಾಟ್32ನಲ್ಲಿ (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಹಳೆಯ ಪದ್ಧತಿ) ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಯಾವ ಫೈಲೂ 4 ಜಿಬಿ ಮುಟ್ಟುವಂತಿಲ್ಲ.

"ಡೂಪ್ಲಿಕೇಟ್ ಮಾಲು ಇರಬೇಕು, ಬಿಸಾಕಿ ದೊಡ್ಡದು ತಗೊಳ್ಳಿ" ಅನ್ನುವ ಸಲಹೆ ನಿಮಗೂ ಸಿಕ್ಕಿರುತ್ತದೆ. ದಯವಿಟ್ಟು ನಂಬಬೇಡಿ. 128 ಜಿಬಿ ಡ್ರೈವ್ ತಂದರೂ ಅದು ಫ್ಯಾಟ್32 ಆಗಿದ್ದರೆ ಇಲ್ಲೇ ನಿಲ್ಲುತ್ತದೆ. ಯಾಕೆ ಅಂತ ನೋಡಿ. ಪ್ರತಿ ಫೈಲಿಗೂ ಫ್ಯಾಟ್32 ಒಂದು 32 ಬೈಟ್‌ಗಳ ನಮೂದು ಇಡುತ್ತದೆ. ಹೆಸರು, ದಿನಾಂಕ, ಫೈಲ್ ಡ್ರೈವ್‌ನಲ್ಲಿ ಎಲ್ಲಿ ಶುರುವಾಗುತ್ತದೆ, ಎಲ್ಲ ಅದರಲ್ಲೇ. ಗಾತ್ರಕ್ಕೆ ಉಳಿಯುವುದು ಕೊನೆಯ 4 ಬೈಟ್ ಮಾತ್ರ. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಅಷ್ಟು ಬೈಟ್ ಆದ ಮೇಲೂ ಡ್ರೈವ್‌ನಲ್ಲಿ ಜಾಗ ಬೇಕಾದಷ್ಟಿದೆ. ಆದರೆ ಫೈಲ್ ಎಷ್ಟು ದೊಡ್ಡದು ಎಂದು ಬರೆದಿಡುವ ಕಡೆ ಜಾಗ ಇಲ್ಲ.

ಅನುಮಾನ ಇದ್ದರೆ ಎರರ್ ಓದಿ. ಸುಮ್ನೆ ಮುಚ್ಚಿಬಿಡಬೇಡಿ. ಜಾಗ ಮುಗಿದಿದ್ದರೆ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದು ಬರುತ್ತದೆ. ಡ್ರೈವ್ ಕೆಟ್ಟಿದ್ದರೆ ಸಾಮಾನ್ಯವಾಗಿ 'ಇನ್‌ಪುಟ್/ಔಟ್‌ಪುಟ್ ಎರರ್'. ನಿಮಗೆ ಬಂದಿರುವುದು 'ಫೈಲ್ ಟೂ ಲಾರ್ಜ್', ಅಲ್ವಾ? ಕಾರಣವನ್ನು ಕಂಪ್ಯೂಟರೇ ಹೇಳಿದೆ.

ಡಿಡಿಗೆ 'ಸೀಕ್' ಆಯ್ಕೆ ಹಾಕಿ ಸ್ಪಾರ್ಸ್ ಫೈಲ್ (ಖಾಲಿ ಭಾಗಕ್ಕೆ ಡ್ರೈವ್‌ನಲ್ಲಿ ಜಾಗ ಹಿಡಿಯದ ಫೈಲ್) ಮಾಡಿದರೆ ತಪ್ಪಿಸಿಕೊಳ್ಳಬಹುದು ಎನ್ನುವವರೂ ಇದ್ದಾರೆ. ಫ್ಯಾಟ್32ಗೆ ಸ್ಪಾರ್ಸ್ ಗೊತ್ತೇ ಇಲ್ಲ. ಗೊತ್ತಿದ್ದರೂ ಗಾತ್ರ ಬರೆಯಬೇಕಾದದ್ದು ಅದೇ 4 ಬೈಟ್‌ನಲ್ಲಿ.

ಪರಿಹಾರ ಸುಲಭ. 'ಎಲ್‌ಎಸ್‌ಬಿಎಲ್‌ಕೆ -ಎಫ್' (lsblk -f) ಕಮಾಂಡ್ ಕೊಟ್ಟು ನೋಡಿ. ನಿಮ್ಮ ಪಾರ್ಟಿಷನ್ (ಡ್ರೈವ್‌ನ ಭಾಗ) ಎದುರು 'ವಿಫ್ಯಾಟ್' (vfat, ಫ್ಯಾಟ್‌ಗೆ ಲಿನಕ್ಸ್ ಕೊಡುವ ಹೆಸರು) ಎಂದು ಕಂಡರೆ, ಒಳಗೇನಾದರೂ ಫೈಲುಗಳಿದ್ದರೆ ಬೇರೆ ಕಡೆ ಕಾಪಿ ಮಾಡಿಟ್ಟು, ಈ 4 ಜಿಬಿ ಮಿತಿ ಇಲ್ಲದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಬರೀ ಲಿನಕ್ಸ್‌ನಲ್ಲಿ ಬಳಸುವುದಾದರೆ ಲಿನಕ್ಸ್‌ನದೇ ಪದ್ಧತಿಯಾದ ಇಎಕ್ಸ್‌ಟಿ4 ಇನ್ನೂ ಒಳ್ಳೆಯದು.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅದೇ ಪೆನ್‌ಡ್ರೈವ್‌ನಿಂದ ಲೈವ್ ಉಬುಂಟು (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಬೂಟ್ ಮಾಡುತ್ತಿದ್ದರೆ ಬೂಟ್ ಪಾರ್ಟಿಷನ್ ಮುಟ್ಟಬೇಡಿ. ಯುಇಎಫ್‌ಐ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಬೂಟ್ ಫೈಲನ್ನು ಹುಡುಕುವುದು ಫ್ಯಾಟ್‌ನಲ್ಲಿ. ಎಷ್ಟೋ ಯಂತ್ರಗಳಿಗೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. ನಿಮ್ಮ ಕೆಲಸ ಸೇವ್ ಆಗಿ ಉಳಿಯಲಿ ಎಂದು ದೊಡ್ಡ ಇಮೇಜ್ ಫೈಲ್ ಮಾಡಲು ಹೊರಟಿದ್ದರೆ ಅದರ ಗೊಡವೆಯೇ ಬೇಡ. ಉಳಿದ ಜಾಗದಲ್ಲಿ ಇನ್ನೊಂದು ಇಎಕ್ಸ್‌ಟಿ4 ಪಾರ್ಟಿಷನ್ ಮಾಡಿ. ಉಬುಂಟು 20.04 ಅಥವಾ ಅದಕ್ಕಿಂತ ಹೊಸದಾದರೆ 'ರೈಟಬಲ್' (writable) ಎಂದು ಲೇಬಲ್ ಕೊಡಿ, 18.04 ಆದರೆ 'ಕ್ಯಾಸ್ಪರ್-ಆರ್‌ಡಬ್ಲ್ಯು' (casper-rw). ಎರಡೂ ಸಣ್ಣಕ್ಷರದಲ್ಲೇ ಇರಲಿ. ಬೂಟ್ ಮೆನುವಿನಲ್ಲಿ ಲಿನಕ್ಸ್ ಶುರುಮಾಡುವ ಸಾಲಿಗೆ 'ಪರ್ಸಿಸ್ಟೆಂಟ್' (persistent) ಸೇರಿಸುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಪಾರ್ಟಿಷನ್ ಇದ್ದರೂ ಏನೂ ಸೇವ್ ಆಗುವುದಿಲ್ಲ.